ಟ್ರೀಟ್‌ಮೆಂಟ್ ಮುಗಿದ ಮೇಲೂ ಜೊತೆಗಿದ್ದವರಿಗೆ

ಎಲ್ಲರಿಗೂ ನಮಸ್ಕಾರ.

ಸ್ತನ ಕ್ಯಾನ್ಸರ್ ಟ್ರೀಟ್‌ಮೆಂಟಿನ ಕೊನೆಯ ಇಂಜೆಕ್ಷನ್ ತಗೊಂಡು ವರ್ಷ ದಾಟಿತು. ಮೊನ್ನೆಯ ತಪಾಸಣೆಯಲ್ಲೂ ಎಲ್ಲ ಸರಿಯಿದೆ ಅಂತ ಡಾಕ್ಟರ್ ಹೇಳಿದರು. ಇಷ್ಟು ದಿನ ಸುಮ್ಮನಿದ್ದು ಈಗ ಬರೆಯುತ್ತಿರುವುದು ಬೇಕಂತಲೇ. ಟ್ರೀಟ್‌ಮೆಂಟ್ ಮುಗಿದ ದಿನವೇ ಥ್ಯಾಂಕ್ಸ್ ಹೇಳಿಬಿಟ್ಟಿದ್ದರೆ ಅರ್ಧ ಜನ ಬಿಟ್ಟುಹೋಗುತ್ತಿದ್ದರು. ಆಮೇಲಿನ ವರ್ಷದಲ್ಲಿ ನನ್ನ ಕೈ ಹಿಡಿದವರು ಬೇರೆಯೇ ಜನ. ಹೆಸರು ಯಾರದ್ದೂ ಹಾಕುತ್ತಿಲ್ಲ. ಓದಿದರೆ ಇದು ನಾನೇ ಅಂತ ಅವರಿಗೆ ಗೊತ್ತಾಗುತ್ತೆ.

ಮೊದಲ ನಮಸ್ಕಾರ ಆಸ್ಪತ್ರೆಯ ಸೋಷಿಯಲ್ ವರ್ಕರ್ ಮೇಡಂಗೆ. ಹೀಗೊಂದು ಕೆಲಸದವರು ಆಸ್ಪತ್ರೆಯಲ್ಲಿ ಇರುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಸ್ತನ ಕ್ಯಾನ್ಸರ್, ಅದರಲ್ಲೂ ಹರ್-2 ಪಾಸಿಟಿವ್, ಅಂದರೆ ಆ ಹೆಸರಿನ ಪ್ರೋಟೀನ್ ಜಾಸ್ತಿ ಇರುವ ಬಗೆ, ಅಂತ ರಿಪೋರ್ಟ್ ಬಂದಿತ್ತು. ಕೀಮೋ, ಸರ್ಜರಿ, ರೇಡಿಯೇಷನ್, ಇದರ ಜೊತೆಗೆ ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ ಆ ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಅಂತ ಡಾಕ್ಟರ್ ಪ್ಲಾನ್ ಹೇಳಿದರು. ಬಾಗಿಲಿನಿಂದ ಹೊರಗೆ ಬಂದವರೇ ನಮ್ಮ ಮನೆಯವರು ಯಾರಿಗೋ ಫೋನ್ ಹಚ್ಚಿ ಸಾಲದ ಮಾತು ಶುರು ಮಾಡಿದರು. ಪಕ್ಕದಲ್ಲಿ ಹೋಗುತ್ತಿದ್ದ ನರ್ಸ್ ನಿಂತು, "ಸಾಲ ಆಮೇಲೆ ಮಾಡಿ ಸಾರ್, ಮೊದಲು ಆ ಕೊನೇ ರೂಮಿಗೆ ಹೋಗ್ಬನ್ನಿ" ಅಂದರು. ಆ ನರ್ಸ್ ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅವರಿಗೂ ಥ್ಯಾಂಕ್ಸ್.

ಆ ರೂಮಿನಲ್ಲಿ ಮೇಡಂ ಕಾಯಿಲೆ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮನೆಯಲ್ಲಿ ದುಡಿಯುವವರು ಎಷ್ಟು ಜನ? ಸಂಬಳದ ರಜೆ ಎಷ್ಟಿದೆ? ಇನ್ಶೂರೆನ್ಸ್ ಇದೆಯಾ? ಇದ್ದರೆ ಅಡ್ಮಿಟ್ ಆಗದೆ ಅವತ್ತೇ ಮನೆಗೆ ಹೋಗುವ ಕೀಮೋಗೂ ಅದು ಬರುತ್ತಾ? ಮಗುವನ್ನು ನೋಡಿಕೊಳ್ಳುವವರು ಯಾರು? ಕೇಳುತ್ತಾ ಕೇಳುತ್ತಾ ಒಂದು ಹಾಳೆಯಲ್ಲಿ ಬರೆದುಕೊಂಡರು. ನಾವು ಔಷಧಿ ಖರ್ಚು ಮಾತ್ರ ಲೆಕ್ಕ ಹಾಕಿದ್ದೆವು. ಅವರು ಓಡಾಟ ಸೇರಿಸಿದರು, ರಕ್ತ ಪರೀಕ್ಷೆ ಸೇರಿಸಿದರು. ಟ್ರಾಸ್ಟುಜುಮಾಬ್‌ನಿಂದ ಕೆಲವರ ಹೃದಯಕ್ಕೆ ತೊಂದರೆ ಆಗಬಹುದಂತೆ. ಅದಕ್ಕೇ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು, ಅದನ್ನೂ ಸೇರಿಸಿದರು. ಜೊತೆಗೆ ಬರುವವರ ಸಂಬಳ ಕಡಿತವನ್ನೂ ಬಿಡಲಿಲ್ಲ. ಮೊತ್ತ ನೋಡಿ ಎದೆ ಧಸಕ್ ಅಂದಿದ್ದು ನಿಜ. ಆದರೆ ಅವತ್ತು ರಾತ್ರಿ ಇಬ್ಬರಿಗೂ ಸ್ವಲ್ಪ ನಿದ್ದೆ ಬಂತು. ಎಷ್ಟು ಬೇಕು ಅಂತ ಕೊನೆಗೂ ಗೊತ್ತಾಗಿತ್ತಲ್ಲ.

ಅವರು ಹೇಳಿಕೊಟ್ಟ ಎರಡು ಮಾತು ಇಲ್ಲಿ ಬರೆಯಲೇಬೇಕು, ಇನ್ನೊಬ್ಬರಿಗೆ ಉಪಯೋಗಕ್ಕೆ ಬರಬಹುದು. ಒಂದು, ನೆರವು ಕೊಡುವ ಹಲವು ಟ್ರಸ್ಟ್‌ಗಳು ಮುಂದೆ ಆಗುವ ಖರ್ಚಿಗೆ ಕೊಡುತ್ತವೆಯೇ ಹೊರತು ಈಗಾಗಲೇ ಕಟ್ಟಿದ ಬಿಲ್ಲಿಗೆ ಕೊಡುವುದಿಲ್ಲ. ಹಾಗಾಗಿ ಡಾಕ್ಟರ್ ಸಹಿ ಇರುವ ಎಸ್ಟಿಮೇಟ್ ಪತ್ರವನ್ನು ಟ್ರೀಟ್‌ಮೆಂಟ್ ಶುರುವಾಗುವ ಮುಂಚೆಯೇ ತಗೊಂಡು ಅರ್ಜಿ ಹಾಕಬೇಕು. ಕೈಯಲ್ಲಿರುವ ದುಡ್ಡೆಲ್ಲ ಮುಗಿದ ಮೇಲೆ ಕೇಳೋಣ ಅಂತ ಕೂತರೆ ಹೊತ್ತು ಮೀರಿರುತ್ತೆ. ಎರಡನೆಯದು, ಟ್ರಾಸ್ಟುಜುಮಾಬ್‌ಗೆ ಬಯೋಸಿಮಿಲರ್‌ಗಳಿವೆ, ಅಂದರೆ ಬೇರೆ ಕಂಪನಿಗಳು ಮಾಡುವ, ಅದನ್ನೇ ತುಂಬಾ ಹೋಲುವ ಔಷಧಿಗಳು. ಮೂಲ ಔಷಧಿಯಷ್ಟೇ ಕೆಲಸ ಮಾಡುತ್ತೆ ಅಂತ ಪರೀಕ್ಷೆಯಲ್ಲಿ ತೋರಿಸಿದ ಮೇಲೇ ಅವಕ್ಕೆ ಅನುಮತಿ ಸಿಗುವುದು. ಬೆಲೆ ಸಾಮಾನ್ಯವಾಗಿ ಕಡಿಮೆ. "ಡಾಕ್ಟರ್ ಹತ್ರ ದುಡ್ಡಿನ ಮಾತು ಆಡೋದಕ್ಕೆ ಸಂಕೋಚ ಪಡಬೇಡಿ. ನಿಮ್ಮ ಕಷ್ಟ ಅವರಿಗೆ ಗೊತ್ತಾಗದೆ ಇದ್ರೆ ಬೇರೆ ದಾರಿ ಹೇಗೆ ತೋರಿಸ್ತಾರೆ?" ಅಂದರು. ಕೇಳಿದೆವು. ಡಾಕ್ಟರ್ ಒಂದಿಷ್ಟೂ ಬೇಜಾರು ಮಾಡಿಕೊಳ್ಳದೆ ಬರೆದುಕೊಟ್ಟರು.

ಇನ್ನು ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಅಕೌಂಟೆಂಟ್ ಗೆಳತಿ. ನೀನಿಲ್ಲದೆ ನಮ್ಮ ಇನ್ಶೂರೆನ್ಸ್ ಕಥೆ ಅಲ್ಲೇ ಮುಗಿದಿರುತ್ತಿತ್ತು ಮಾರಾಯ್ತಿ. ಒಂದು ಕ್ಲೇಮ್ ತಿರಸ್ಕಾರ ಆಗಿ ಬಂದಾಗ ನಾವು ಹಣೆಬರಹ ಅಂತ ಸುಮ್ಮನಾಗಿದ್ದೆವು. ಅವಳು ಪಾಲಿಸಿಯ ಸಣ್ಣ ಅಕ್ಷರವನ್ನೆಲ್ಲ ಪೆನ್ಸಿಲ್ ಹಿಡಿದು ಓದಿದಳು. ಯಾವ ಕಾರಣಕ್ಕೆ ಕೊಡಲ್ಲ, ಪಾಲಿಸಿಯ ಯಾವ ಕಲಮಿನ ಪ್ರಕಾರ ಕೊಡಲ್ಲ ಅಂತ ಬರವಣಿಗೆಯಲ್ಲಿ ಕೇಳಿಸಿದಳು. ಡಾಕ್ಟರಿಂದ ಒಂದು ಪತ್ರ ಬರೆಸಿ ಮೇಲ್ಮನವಿ ಹಾಕಿಸಿದಳು. ದುಡ್ಡು ಬಂತು. ಅಷ್ಟಕ್ಕೇ ಬಿಡಲಿಲ್ಲ. ಆಸ್ಪತ್ರೆಯ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ ಕೊಡಿ ಅಂತ ಕೇಳಿ, ಒಂದೇ ಟೆಸ್ಟ್ ಎರಡು ಸಲ ಸೇರಿರುವುದನ್ನು ಹಿಡಿದಳು. ಕೌಂಟರಿನವರು ಮರುಮಾತಾಡದೆ ತೆಗೆದರು. ಅವಳು ಮಾಡಿಕೊಟ್ಟ ಫೈಲು ಇನ್ನೂ ಇದೆ. ರಿಪೋರ್ಟ್ ಒಂದು ಕಡೆ, ಬಿಲ್ ಒಂದು ಕಡೆ, ಯಾವತ್ತು ಯಾರ ಜೊತೆ ಫೋನಿನಲ್ಲಿ ಏನು ಮಾತಾಯಿತು ಅನ್ನೋ ಟಿಪ್ಪಣಿ ಇನ್ನೊಂದು ಕಡೆ. ಆ ಟಿಪ್ಪಣಿಯೇ ಎಷ್ಟೋ ಸಲ ನಮ್ಮನ್ನು ಕಾಪಾಡಿತು. "ಹಾಗೆ ಹೇಳೇ ಇಲ್ಲ" ಅಂತ ಯಾರಾದರೂ ಅಂದರೆ ತಾರೀಕು ಸಮೇತ ಓದಿ ಹೇಳುತ್ತಿದ್ದೆವು.

ನಮ್ಮ ಅತ್ತಿಗೆ. ಇವರಿಗೆ ಪ್ಯಾರಾ ಸಾಲದು. ಸುದ್ದಿ ಗೊತ್ತಾದ ಮೇಲೆ ಎಲ್ಲರೂ "ಏನಾದ್ರೂ ಬೇಕಿದ್ರೆ ಹೇಳಿ" ಅಂತಿದ್ದರು. ಮನಸಾರೆ ಹೇಳಿದ ಮಾತೇ ಅದು. ಆದರೆ ಹಾಸಿಗೆ ಹಿಡಿದವಳಿಗೆ ಏನು ಬೇಕು ಅಂತ ಯೋಚಿಸುವುದೇ ಒಂದು ಕೆಲಸ ಅಲ್ವಾ? ಅತ್ತಿಗೆ ಒಂದು ನೋಟ್‌ಬುಕ್ ತಗೊಂಡು ಗೆರೆ ಎಳೆದರು. ಯಾರೇ ಹಾಗಂದರೂ, "ಸರಿ, ಗುರುವಾರ ಮಗುನ ಸ್ಕೂಲಿಂದ ಕರ್ಕೊಂಡು ಬರ್ತೀರಾ?" ಅಂತ ಅಲ್ಲೇ ಕೇಳಿ ಬರೆದುಕೊಳ್ಳುತ್ತಿದ್ದರು. ಒಬ್ಬರು ಬಟ್ಟೆ ಇಸ್ತ್ರಿ, ಒಬ್ಬರು ಕರೆಂಟ್ ಬಿಲ್ ಕಟ್ಟುವುದು, ಇನ್ನೊಬ್ಬರು ಮಗಳ ಹೋಮ್‌ವರ್ಕ್. ರೇಡಿಯೇಷನ್ ಅಂದರೆ ವಾರಕ್ಕೆ 5 ದಿನ, ವಾರಗಟ್ಟಲೆ ಹೋಗಬೇಕು. ಮಶೀನಿನ ಕೆಳಗೆ ಮಲಗುವುದು ಕೆಲವೇ ನಿಮಿಷ, ಹೋಗಿ ಬರುವುದೇ ದೊಡ್ಡ ಕೆಲಸ. ಆ ವಾರಗಳ ಪುಟದಲ್ಲಿ ಒಂದು ಕೋಣೆಯೂ ಖಾಲಿ ಇರಲಿಲ್ಲ. ಕರೆದುಕೊಂಡು ಹೋದವರಲ್ಲಿ ಇಬ್ಬರ ಪರಿಚಯವೇ ನನಗೆ ಇರಲಿಲ್ಲ. ಈಗ ಒಳ್ಳೇ ಸ್ನೇಹಿತರು.

ನನ್ನ ಫೋನೂ ಅವರ ಕೈಯಲ್ಲೇ ಇತ್ತು. ಯಾವ ಸ್ಟೇಜು, ಕೂದಲು ಪೂರ್ತಿ ಹೋಯ್ತಾ, ಇದೆಲ್ಲ ಹೇಗೆ ಬಂತು ಅಂತ ಕೇಳುವವರಿಗೆ ಅತ್ತಿಗೆಯ ಹತ್ತಿರ ಒಂದೇ ಉತ್ತರ: "ಆರಾಮಾಗಿದ್ದಾಳೆ, ಮಲಗಿದ್ದಾಳೆ." ಪವಾಡದ ಮದ್ದಿನ ವಿಡಿಯೊ ಕಳಿಸಿದವರೇ, ನಿಮ್ಮ ಕಾಳಜಿಗೂ ಥ್ಯಾಂಕ್ಸ್. ಒಂದನ್ನೂ ಮಾಡಿ ನೋಡಲಿಲ್ಲ. ಕೆಲವು ಗಿಡಮೂಲಿಕೆಗಳು ಕೀಮೋ ಔಷಧಿಯ ಜೊತೆ ಸೇರಿದರೆ ಅಪಾಯ ಅಂತ ಡಾಕ್ಟರ್ ಮೊದಲೇ ಹೇಳಿದ್ದರು.

ಎದುರು ಮನೆಯ ಅಂಕಲ್‌ಗೆ ಒಂದು ವಿಶೇಷ ನಮಸ್ಕಾರ. ಕೀಮೋ ಆದ ಸುಮಾರು 7ರಿಂದ 14 ದಿನದೊಳಗೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ನುಂಗಿ ಜ್ವರ ಮುಚ್ಚುವಂತೆಯೂ ಇಲ್ಲ. ಹಾಗೇ ಒಂದು ಸರಿರಾತ್ರಿ ಥರ್ಮಾಮೀಟರ್ ಆ ಗೆರೆ ದಾಟಿತು. ಮನೆಯವರು ಊರಲ್ಲಿರಲಿಲ್ಲ. ಅಂಕಲ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಕಾರಿನ ಬಾಗಿಲು ತೆಗೆದರು. ಆಂಟಿ ಬಂದು ಮಗಳ ಪಕ್ಕ ಮಲಗಿದರು. ಅವತ್ತು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಹತ್ತಿತು.

ಮಗಳಿಗೆ ಏನು ಹೇಳಬೇಕು ಅನ್ನುವುದು ಕೀಮೋಗಿಂತ ಜಾಸ್ತಿ ಕಾಡಿತ್ತು. ಆಸ್ಪತ್ರೆಯ ಕೌನ್ಸೆಲರ್ ಹೇಳಿಕೊಟ್ಟರು. ಕಾಯಿಲೆಯ ಹೆಸರನ್ನೇ ಹೇಳಿ, ಮುಚ್ಚಿಟ್ಟರೆ ಮಗು ಅದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತೆ. ನಿನ್ನಿಂದ ಬಂದಿದ್ದಲ್ಲ, ಮುಟ್ಟಿದರೆ ಅಂಟಲ್ಲ, ನಿನ್ನನ್ನು ನೋಡಿಕೊಳ್ಳುವವರು ಇದ್ದೇ ಇರುತ್ತಾರೆ, ಇಷ್ಟು ಮಾತ್ರ ಬಿಡದೆ ಹೇಳಿ. ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನಿನ್ನ ಪಕ್ಕ ಮಲಗಬಹುದಾ?" ಅಂದಳು. ಅಷ್ಟು ದಿನ ಅಂಟುತ್ತೆ ಅಂತ ದೂರ ಮಲಗುತ್ತಿದ್ದಳಂತೆ.

ಅದೇ ಕೌನ್ಸೆಲರ್ ಒಂದು ಹಾಳೆ ಕೊಟ್ಟಿದ್ದರು. 0ಯಿಂದ 10ರವರೆಗೆ ಗುರುತಿರುವ ಥರ್ಮಾಮೀಟರ್ ಚಿತ್ರ. ಕಳೆದ ವಾರ ಮನಸ್ಸಿಗೆ ಎಷ್ಟು ಸಂಕಟ ಆಯ್ತು ಅಂತ ಗೆರೆ ಹಾಕಬೇಕು. 4 ಅಥವಾ ಅದಕ್ಕಿಂತ ಮೇಲೆ ಹೋದರೆ ಕೂರಿಸಿ ಮಾತಾಡಿಸುತ್ತಾರೆ. ನಾನು 5ಕ್ಕೆ ಹಾಕಿದೆ. ಮನೆಯವರಿಗೂ ಒಂದು ಹಾಳೆ ಕೊಟ್ಟರು. ಅವರು ಹಾಕಿದ್ದು 8. ಎಲ್ಲರೂ ಅವರನ್ನು "ಹೆಂಡತಿ ಹೇಗಿದ್ದಾರೆ?" ಅಂತ ಕೇಳುತ್ತಿದ್ದರೇ ಹೊರತು ನೀವು ಹೇಗಿದ್ದೀರಿ ಅಂದವರು ಕಡಿಮೆ. ಅವರ ಹಳೆಯ ಸ್ನೇಹಿತರೊಬ್ಬರು ಮಾತ್ರ ವಾರಕ್ಕೊಮ್ಮೆ ಬಂದು ವಾಕಿಂಗ್‌ಗೆ ಎಳೆದುಕೊಂಡು ಹೋಗುತ್ತಿದ್ದರು. ದಾರಿಯುದ್ದಕ್ಕೂ ಕ್ರಿಕೆಟ್ ಮಾತೇ ಅಂತೆ. ಅಣ್ಣ, ಆ ಒಂದು ಗಂಟೆಯ ಕ್ರಿಕೆಟ್‌ಗೆ ನಾನು ಋಣಿ.

ಈಗ ಆಮೇಲಿನ ಕಥೆಗೆ ಬರುತ್ತೇನೆ. ಕೊನೆಯ ಇಂಜೆಕ್ಷನ್ ಆಯ್ತು, ಎಲ್ಲರೂ ಶುಭಾಶಯ ಹೇಳಿದರು, ಫೋನುಗಳು ನಿಂತವು. ತಪ್ಪಿಲ್ಲ, ಎಲ್ಲರಿಗೂ ಅವರವರ ಸಂಸಾರ ಇದೆ. ನನಗೆ ಭಯ ಶುರುವಾಗಿದ್ದು ಮಾತ್ರ ಆವಾಗಲೇ. ಮೂರು ವಾರಕ್ಕೊಮ್ಮೆ ನೋಡುತ್ತಿದ್ದ ಡಾಕ್ಟರ್ ಈಗ ತಿಂಗಳುಗಟ್ಟಲೆ ನೋಡುವುದಿಲ್ಲ. ಸೊಂಟ ನೋವು ಬಂದರೂ ಮೂಳೆಗೆ ಹರಡಿತಾ ಅನ್ನೋ ಯೋಚನೆ. ಬೆರಳ ತುದಿ ಮರಗಟ್ಟಿ ಅಂಗಿಯ ಹುಕ್ ಹಾಕಲು ಆಗುತ್ತಿರಲಿಲ್ಲ. ಮಾತಿನ ಮಧ್ಯೆ ಪದವೇ ಮರೆತುಹೋಗುತ್ತಿತ್ತು. ಎಷ್ಟು ಮಲಗಿದರೂ ಸುಸ್ತು. "ಎಲ್ಲ ಮುಗೀತಲ್ಲ, ಇನ್ನೇನು?" ಅಂತ ಯಾರಾದರೂ ಅಂದರೆ ಅಳು ಬರುತ್ತಿತ್ತು.

ಆಗ ಬಂದವರು ಸಪೋರ್ಟ್ ಗ್ರೂಪಿನ ಅಕ್ಕ. ಅವರಿಗೆ ಇದೇ ಕಾಯಿಲೆ ಬಂದು ವಾಸಿಯಾಗಿ ಬಹಳ ವರ್ಷ ಆಗಿದೆ. ಬಂದ ಮೊದಲ ದಿನ ಧೈರ್ಯದ ಮಾತು ಒಂದೂ ಆಡಲಿಲ್ಲ. ಸರ್ಜರಿಯಾದ ಕಡೆಯ ತೋಳು ಊದದ ಹಾಗೆ ಮಾಡುವ ವ್ಯಾಯಾಮ ತೋರಿಸಿದರು. ತಮ್ಮ ಬ್ರಾ ಒಳಗೆ ಇಡುವ ಕೃತಕ ಸ್ತನವನ್ನು ತೆಗೆದು ನನ್ನ ಕೈಗೆ ಕೊಟ್ಟು, "ನೋಡು, ಭಾರ ಎಷ್ಟಿದೆ. ಬರೀ ಹತ್ತಿ ತುಂಬಿದ್ರೆ ಭುಜ ಒಂದು ಕಡೆ ವಾಲುತ್ತೆ" ಅಂದರು. ಇಬ್ಬರೂ ನಕ್ಕೆವು. ಎಷ್ಟೋ ದಿನದ ಮೇಲೆ ಬಂದ ನಗು ಅದು. ಇಂಥ ಕೆಲಸ ಶುರು ಮಾಡಿದವರಲ್ಲಿ ಅಮೆರಿಕದ ಟೆರೀಸ್ ಲ್ಯಾಸರ್ ಅನ್ನುವವರೂ ಒಬ್ಬರು ಅಂತ ಅವರೇ ಹೇಳಿದರು. 1952ರಲ್ಲಿ ಸ್ತನ ತೆಗೆಸಿಕೊಂಡ ಆಕೆಗೆ ಮುಂದೇನು ಅಂತ ಸರಿಯಾಗಿ ಹೇಳುವವರು ಸಿಗಲಿಲ್ಲ. ತಾನೇ ಬೇರೆ ಹೆಂಗಸರ ಆಸ್ಪತ್ರೆ ಮಂಚದ ಹತ್ತಿರ ಹೋಗಿ ಹೇಳತೊಡಗಿದರು. ಡಾಕ್ಟರುಗಳಿಗೆ ಮೊದಮೊದಲು ಅದು ಹಿಡಿಸಲಿಲ್ಲವಂತೆ.

ನನ್ನ ಸುಸ್ತು, ಭಯ ಎಲ್ಲ ನನ್ನ ಸ್ವಭಾವದ ದೋಷ ಅಲ್ಲ ಅಂತ ನಂಬಿಸಿದ್ದೂ ಆ ಗುಂಪೇ. ಫಿಟ್ಜ್‌ಹ್ಯೂ ಮಲ್ಲನ್ ಅನ್ನುವ ಡಾಕ್ಟರ್, ತಮಗೇ ಕ್ಯಾನ್ಸರ್ ಬಂದು ಹೋದ ಮೇಲೆ, 1985ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಟ್ರೀಟ್‌ಮೆಂಟ್ ನಡೆಯುವ ಕಾಲ ಒಂದು, ಅದು ಮುಗಿದು ಮತ್ತೆ ಬಂದೀತಾ ಅಂತ ಹೆದರಿಕೊಂಡು ಕಾಯುವ ಕಾಲ ಇನ್ನೊಂದು, ಆಮೇಲೆ ಹೆಚ್ಚುಕಡಿಮೆ ವಾಸಿ ಅನ್ನಬಹುದಾದ ಕಾಲ ಮೂರನೆಯದು. ಗ್ರೂಪಿನಲ್ಲಿ ಇದನ್ನು ಕೇಳಿದ ದಿನ ನಾನು ಎರಡನೆಯದರಲ್ಲಿ ಇದ್ದೇನೆ ಅಂತ ಗೊತ್ತಾಯಿತು. ಸ್ಕ್ಯಾನ್ ಹಿಂದಿನ ರಾತ್ರಿ ಯಾರಿಗೂ ನಿದ್ದೆ ಬರಲ್ಲ ಅಂತ ಗೊತ್ತಾಗಿದ್ದೂ ಅಲ್ಲೇ. ಈಗ ಅಂಥ ರಾತ್ರಿ ನಮ್ಮ ಗುಂಪಿನಲ್ಲಿ ಯಾರಾದರೊಬ್ಬರು ಎಚ್ಚರ ಇರುತ್ತಾರೆ, ಬರೀ ಹಾಳು ಹರಟೆ.

ಆಫೀಸಿನ ನಮ್ಮ ಮೇಲಧಿಕಾರಿಗೂ ವಂದನೆ. ಮೊದಲ ಕೆಲವು ತಿಂಗಳು ಅರ್ಧ ದಿನ ಬನ್ನಿ, ನಿಧಾನವಾಗಿ ಜಾಸ್ತಿ ಮಾಡೋಣ ಅಂದರು. ಹೇಳಿದ್ದನ್ನು ಮರೆಯುತ್ತೀನಿ ಅಂದಾಗ, ಇನ್ನು ಮೇಲೆ ಕೆಲಸವನ್ನೆಲ್ಲ ಬರೆದೇ ಕಳಿಸುತ್ತೇನೆ ಅಂದರು, ಹಾಗೇ ಮಾಡಿದರು. ಮೀಟಿಂಗಿನಲ್ಲಿ ನನ್ನ ಕಾಯಿಲೆಯ ಮಾತು ಒಂದು ಸಲವೂ ಎತ್ತಲಿಲ್ಲ.

ಎಲ್ಲರ ಋಣ ತೀರಿಸುವ ಮಾತೇ ಇಲ್ಲ. ಕೈಲಾಗಿದ್ದು ಒಂದಿಷ್ಟು ಮಾಡುತ್ತಿದ್ದೇನೆ. ಸೋಷಿಯಲ್ ವರ್ಕರ್ ಮೇಡಂ ಈಗ ಹೊಸದಾಗಿ ಬಂದವರನ್ನು ಒಮ್ಮೊಮ್ಮೆ ನನ್ನ ಹತ್ತಿರ ಕಳಿಸುತ್ತಾರೆ. ನಿಮ್ಮ ಮನೆಯಲ್ಲಿ, ಪರಿಚಯದಲ್ಲಿ ಯಾರಿಗಾದರೂ ಎಸ್ಟಿಮೇಟ್ ಪತ್ರ ಹೇಗೆ ಕೇಳಬೇಕು, ಕ್ಲೇಮ್ ಮೇಲ್ಮನವಿ ಹೇಗೆ ಬರೆಯಬೇಕು ಅನ್ನೋ ಕಷ್ಟ ಬಂದರೆ ನನ್ನನ್ನು ಕೇಳಿ. ನನಗೆ ಗೊತ್ತಾಗದಿದ್ದರೆ ಅಕೌಂಟೆಂಟ್ ಗೆಳತಿ ಪಕ್ಕದ ಸೀಟಿನಲ್ಲೇ ಇದ್ದಾಳೆ. ಅತ್ತಿಗೆಯ ನೋಟ್‌ಬುಕ್ಕಿನ ಮಾದರಿ ಬೇಕಾದರೂ ಕೊಡುತ್ತೇನೆ. ಭಾನುವಾರ ಮಧ್ಯಾಹ್ನ ಮಾತ್ರ ಫೋನ್ ಬೇಡ, ಆಗ ಮಲಗಿರುತ್ತೇನೆ.