ಯೊಸೆಮಿಟಿಯ ಟೆಂಟ್ ಜಾಗಕ್ಕೂ ವೆಯ್ಟಿಂಗ್ ಲಿಸ್ಟ್ ಬೇಕು

ಮಾನ್ಯ ಸಂಪಾದಕರೆ,

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಪ್ರತಿ ತಿಂಗಳ 15ನೇ ತಾರೀಖಿನ ಗಡಿಬಿಡಿ ಗೊತ್ತಿರಬಹುದು. ಅವತ್ತು ಅಲ್ಲಿನ ಬೆಳಗ್ಗೆ 7ಕ್ಕೆ ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಟೆಂಟ್ ಜಾಗಗಳ ಬುಕಿಂಗ್ ತೆರೆಯುತ್ತದೆ. ಬೇಸಿಗೆಯಲ್ಲಿ ಅದು ನಮಗೆ ಸಂಜೆ ಏಳೂವರೆ. ಮುಂದಿನ ಯಾವುದೋ ಒಂದು ತಿಂಗಳ ಜಾಗಗಳನ್ನೆಲ್ಲ ನಾಲ್ಕೈದು ತಿಂಗಳು ಮುಂಚೆಯೇ ಒಂದೇ ಸಲ ಬಿಡುತ್ತಾರೆ. ಮಕ್ಕಳ ರಜೆಯ ದಿನಗಳಾದರೆ ಕೆಲವೇ ನಿಮಿಷಗಳಲ್ಲಿ ಎಲ್ಲ ಖಾಲಿ. ನನ್ನ ಮಗಳು, ಅಳಿಯ ಸನ್ನಿವೇಲ್‌ನಲ್ಲಿದ್ದಾರೆ. ಅವರ ಗೆಳೆಯರ ಗುಂಪಿನಲ್ಲಿ ಯಾರು ಯಾವ ಲ್ಯಾಪ್‌ಟಾಪ್ ಮುಂದೆ ಕೂರಬೇಕು ಎಂದು ಹಿಂದಿನ ರಾತ್ರಿಯೇ ತೀರ್ಮಾನ ಆಗಿರುತ್ತದೆ.

ನಾನು ರೈಲ್ವೆ ರಿಸರ್ವೇಷನ್ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಜಾಗ ಕಡಿಮೆ, ಬೇಕೆನ್ನುವವರು ಜಾಸ್ತಿ. ಆಗ ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು ಎನ್ನುವುದೇ ನನ್ನ ಉದ್ಯೋಗವಾಗಿತ್ತು. ಅದಕ್ಕೇ ಈ ಪತ್ರ. ಈಗ ನಮ್ಮ ರಾಜ್ಯದ ಬೆಟ್ಟಗಳಿಗೂ ಆನ್‌ಲೈನ್ ಬುಕಿಂಗ್ ಬಂದಿದೆ. ಹಾಗಾಗಿ ಇದು ದೂರದ ಊರಿನ ವಿಷಯ ಎಂದು ಬಿಡುವ ಹಾಗಿಲ್ಲ.

ಯೊಸೆಮಿಟಿಗೆ ವರ್ಷಕ್ಕೆ ಸುಮಾರು 40 ಲಕ್ಷ ಜನ ಬರುತ್ತಾರೆ. ಎಲ್ಲರಿಗೂ ಬೇಕಾಗಿರುವುದು ಎಲ್ ಕ್ಯಾಪಿಟನ್, ಹಾಫ್ ಡೋಮ್ ಎಂಬ ಭಾರಿ ಬಂಡೆಗಳು, ದೊಡ್ಡ ಜಲಪಾತ ಇರುವ ಆ ಒಂದು ಕಣಿವೆ. ಕಣಿವೆಯೊಳಗೆ ಕಾರು ನಿಲ್ಲಿಸಿ ಟೆಂಟ್ ಹಾಕಲು ಅಪ್ಪರ್ ಪೈನ್ಸ್, ಲೋವರ್ ಪೈನ್ಸ್, ನಾರ್ತ್ ಪೈನ್ಸ್ ಎಂಬ ಮೂರು ಕ್ಯಾಂಪ್‌ಗ್ರೌಂಡ್‌ಗಳಿವೆ. ಮೂರೂ ಸೇರಿದರೆ ಸುಮಾರು 400 ಜಾಗ. ಒಂದು ಜಾಗಕ್ಕೆ ಆರು ಜನರಿಗಿಂತ ಹೆಚ್ಚು ಬಿಡುವುದಿಲ್ಲ. ಮೊದಲು ಇನ್ನೂ ಎರಡು ಕ್ಯಾಂಪ್‌ಗ್ರೌಂಡ್‌ಗಳಿದ್ದವು, ಅಪ್ಪರ್ ರಿವರ್ ಮತ್ತು ಲೋವರ್ ರಿವರ್. 1997ರ ಜನವರಿಯಲ್ಲಿ ಮರ್ಸೆಡ್ ನದಿ ಉಕ್ಕಿ ಬಂದು ಅವು ಹಾಳಾದವು. ಅವನ್ನು ಮತ್ತೆ ಕಟ್ಟಲಿಲ್ಲ. ನದಿಯ ದಡವನ್ನು ನದಿಗೇ ಬಿಟ್ಟಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಜಾಗ ಕಡಿಮೆಯಾಯಿತು, ಬರುವ ಜನ ಕಡಿಮೆಯಾಗಲಿಲ್ಲ.

ಟೆಂಟ್ ಜಾಗಕ್ಕೆ ಇಷ್ಟು ಹಟ ಯಾಕೆ ಎಂದು ಕೆಲವರು ಕೇಳುತ್ತಾರೆ. ಆರು ಜನರಿಗೆ ಒಂದು ರಾತ್ರಿಗೆ 36 ಡಾಲರ್. ಕಣಿವೆಯ ಹೋಟೆಲಿನಲ್ಲಿ ಅದರ ಹಲವು ಪಟ್ಟು ಕೊಡಬೇಕು. ಸಾಧಾರಣ ಸಂಬಳದ ಕುಟುಂಬಕ್ಕೆ ಅಲ್ಲಿ ಉಳಿಯಲು ಇರುವ ದಾರಿ ಇದೊಂದೇ. ಅದಲ್ಲದೆ, ಅಲ್ಲಿ ಬೆಳಗಾಗುವುದನ್ನು ಟೆಂಟಿನಿಂದಲೇ ನೋಡಬೇಕು. ಕರಡಿ ಬರುತ್ತದೆ ಎಂದು ತಿನ್ನುವ ಸಾಮಾನೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕು. ನನ್ನ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಡಬ್ಬಿಗಳಿಂದ ಹಿಡಿದು ಟೂತ್‌ಪೇಸ್ಟ್‌ವರೆಗೆ ಎಲ್ಲವೂ ಅದರೊಳಗೆ. ಮೊಮ್ಮಗನಿಗೆ ಆ ಪೆಟ್ಟಿಗೆಗೆ ಬೀಗದ ಕೊಂಡಿ ಹಾಕುವ ಕೆಲಸವೇ ದೊಡ್ಡ ಸಂಭ್ರಮ.

ಬುಕಿಂಗೇ ಇಲ್ಲದೆ ಬಹಳ ಕಾಲ ನಡೆದ ಒಂದು ಕ್ಯಾಂಪ್ ಕಣಿವೆಯಲ್ಲೇ ಇದೆ. ಅದರ ಹೆಸರು ಕ್ಯಾಂಪ್ 4. ಬಂಡೆ ಹತ್ತುವವರ ತವರು ಅದು. 1997ರ ಪ್ರವಾಹದ ನಂತರ ಅದರ ಪಕ್ಕದಲ್ಲಿ ನೌಕರರ ವಸತಿ ಕಟ್ಟುವ ಯೋಜನೆ ಬಂದಾಗ ಹತ್ತುವವರು ಕೋರ್ಟಿಗೆ ಹೋಗಿ ತಡೆದರು. 2003ರಲ್ಲಿ ಆ ಜಾಗ ದೇಶದ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಸೇರಿತು. ಅಲ್ಲಿ ಯಾರು ಮೊದಲು ಬಂದರೋ ಅವರಿಗೆ ಜಾಗ. ಹಿಂದೊಮ್ಮೆ ನಾವು ಪೈನ್ಸ್‌ನಲ್ಲಿ ಉಳಿದಿದ್ದಾಗ ನಾನು ಬೆಳಗ್ಗೆ ಬೇಗ ಎದ್ದು ಅಳಿಯನ ಜೊತೆ ಆ ಕ್ಯೂ ನೋಡಲು ಹೋಗಿದ್ದೆ. ಕತ್ತಲಲ್ಲೇ ಬಂದವರು ಸ್ಲೀಪಿಂಗ್ ಬ್ಯಾಗ್ ಹೊದ್ದು ಕೌಂಟರಿನ ಮುಂದೆ ಸಾಲಾಗಿ ಮಲಗಿದ್ದರು. ಒಬ್ಬ ಹುಡುಗಿ ಸಣ್ಣ ಸ್ಟೌವಿನಲ್ಲಿ ಕಾಫಿ ಕಾಯಿಸಿ ಹಿಂದೆ ಮುಂದೆ ಇದ್ದವರಿಗೆಲ್ಲ ಕೊಡುತ್ತಿದ್ದಳು. ಗುರುತಿಲ್ಲದವರು ಒಂದೇ ಜಾಗದಲ್ಲಿ ಟೆಂಟ್ ಹಾಕಬೇಕಾದ ಕ್ಯಾಂಪ್ ಅದು. ಆ ಪರಿಚಯ ಕ್ಯೂನಲ್ಲೇ ಶುರುವಾಗುತ್ತಿತ್ತು. ರೇಂಜರ್ ಬಂದವರು ಮೊದಲು ಸಾಲಿನ ಉದ್ದಕ್ಕೂ ನಡೆದು ತಲೆ ಎಣಿಸಿದರು. ಕೊನೆಯಲ್ಲಿ ಇದ್ದವರಿಗೆ ಇವತ್ತು ಸಿಗುವುದಿಲ್ಲ, ಸುಮ್ನೆ ಕಾಯಬೇಡಿ ಎಂದು ಅಲ್ಲೇ ಹೇಳಿದರು. ಕೌಂಟರಿನಲ್ಲಿ ಕೂತು ಕೆಲಸ ಮಾಡಿದವಳಿಗೆ ಆ ಒಂದು ಮಾತಿನ ಬೆಲೆ ಗೊತ್ತು. ಸಿಗುವುದಿಲ್ಲ ಎಂದರೂ ಯಾರೂ ಜಗಳಕ್ಕೆ ನಿಲ್ಲಲಿಲ್ಲ. ಕಾರಣ, ಎಲ್ಲವೂ ಕಣ್ಣ ಮುಂದೆಯೇ ನಡೆದಿತ್ತು.

ಆ ಪದ್ಧತಿ ಈಗ ಹೋಗಿದೆ. 2019ರ ಬೇಸಿಗೆಯಲ್ಲಿ ಪ್ರಯೋಗಕ್ಕೆ ಎಂದು ದಿನದಿನದ ಲಾಟರಿ ತಂದರು. ಈಗ ಜನ ಹೆಚ್ಚಿರುವ ತಿಂಗಳುಗಳಲ್ಲಿ ಕ್ಯಾಂಪ್ 4 ಕೂಡ ಒಂದು ವಾರ ಮುಂಚೆ ವೆಬ್‌ಸೈಟಿನಲ್ಲೇ ಬುಕ್ ಆಗುತ್ತದೆ.

ಹಳೆಯ ಕ್ಯೂ ವಾಪಸ್ ತನ್ನಿ ಎಂದು ನಾನು ಕೇಳುತ್ತಿಲ್ಲ. ರಾತ್ರಿ ಮೂರಕ್ಕೆ ಹೋಗಿ ಚಳಿಯಲ್ಲಿ ಮಲಗಲು ಪುಟ್ಟ ಮಗು ಇರುವ ತಾಯಿಗೆ ಆಗುತ್ತದೆಯೇ? ದೇಶದ ಇನ್ನೊಂದು ಮೂಲೆಯಿಂದ ವಿಮಾನದ ಟಿಕೆಟ್ ತೆಗೆದುಕೊಂಡು ಬರುವವರು, ಜಾಗ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದೆ ಹೊರಡಬೇಕೇ? ಆನ್‌ಲೈನ್ ಬಂದಿದ್ದು ಇಂಥವರಿಗೆ ಒಳ್ಳೆಯದೇ ಆಯಿತು. ನನ್ನ ತಕರಾರು ಬೇರೆ. ವೆಬ್‌ಸೈಟಿನಲ್ಲೂ ಮೊದಲು ಬಂದವರಿಗೆ ಎಂಬ ನಿಯಮವೇ ಉಳಿದಿದೆ. ಮೊದಲು ತಾಸುಗಟ್ಟಲೆ ಕಾದವರಿಗೆ ಸಿಗುತ್ತಿತ್ತು, ಈಗ ಸೆಕೆಂಡಿನ ಒಂದು ಭಾಗ ಬೇಗ ಒತ್ತಿದವರಿಗೆ ಸಿಗುತ್ತದೆ. ಜೋರಾದ ನೆಟ್ ಇರುವವರು, ಆ ಹೊತ್ತಿಗೆ ಕೆಲಸದಿಂದ ಬಿಡುವು ಇರುವವರು, ಐದು ತಿಂಗಳ ಮುಂದಿನ ರಜೆ ಈಗಲೇ ಗೊತ್ತಿರುವವರು ಗೆಲ್ಲುತ್ತಾರೆ. ಹೋಟೆಲಿನಲ್ಲಿ ಪಾಳಿಯಲ್ಲಿ ದುಡಿಯುವವರಿಗೆ, ಆಸ್ಪತ್ರೆಯ ನರ್ಸಿಗೆ ಐದು ತಿಂಗಳ ಮುಂದಿನ ರಜೆ ಯಾರು ಬರೆದುಕೊಡುತ್ತಾರೆ?

ನಮ್ಮ ರೈಲ್ವೆ 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗನ್ನು 120 ದಿನದಿಂದ 60 ದಿನಕ್ಕೆ ಇಳಿಸಿತು. ತುಂಬಾ ಮುಂಚೆ ತೆಗೆದ ಟಿಕೆಟ್‌ಗಳು ಜಾಸ್ತಿ ರದ್ದಾಗುತ್ತವೆ, ಕೆಲವರು ರದ್ದೂ ಮಾಡದೆ ಬರುವುದೂ ಇಲ್ಲ ಎಂಬುದು ಅದಕ್ಕೆ ಕಾರಣವಾಗಿತ್ತು. ಕೌಂಟರಿನಲ್ಲಿ ಇದ್ದ ಯಾರಿಗಾದರೂ ಇದು ಗೊತ್ತಿದ್ದ ಸಂಗತಿಯೇ. ಟೆಂಟಿನ ಜಾಗವೂ ಅಷ್ಟೇ ಅಲ್ವಾ? ಯೊಸೆಮಿಟಿಯವರು ಪೈನ್ಸ್‌ನ ಜಾಗಗಳನ್ನೆಲ್ಲ ಐದು ತಿಂಗಳು ಮುಂಚೆ ಮಾರುವುದರ ಬದಲು ಒಂದು ಪಾಲನ್ನು ಎರಡು ವಾರ ಮುಂಚೆ ಬಿಟ್ಟರೆ ತುಂಬಾ ಜನಕ್ಕೆ ಅನುಕೂಲ.

ನಾರ್ತ್ ಪೈನ್ಸ್‌ಗೆ 2023ರಿಂದ ಮುಂಗಡ ಲಾಟರಿ ತಂದಿದ್ದಾರೆ. ಅರ್ಜಿ ಹಾಕಿ, ಹೆಸರು ಬಂದರೆ ಬೇರೆಯವರಿಗಿಂತ ಮುಂಚೆ ದಿನ ಆರಿಸಿಕೊಳ್ಳಬಹುದು. ಇದು ಸರಿಯಾದ ಹೆಜ್ಜೆ. ನಿಧಾನದ ಬೆರಳಿಗೂ ಜೋರಿನ ಬೆರಳಿಗೂ ಇಲ್ಲಿ ವ್ಯತ್ಯಾಸ ಇಲ್ಲ. ಆದರೆ ಅರ್ಜಿಗೆ 10 ಡಾಲರ್ ತೆಗೆದುಕೊಳ್ಳುತ್ತಾರೆ. ಹೆಸರು ಬರದಿದ್ದರೂ ಅದು ವಾಪಸ್ ಇಲ್ಲ. ಸರ್ಕಾರದ ಕಾಡಿನಲ್ಲಿ ಚೀಟಿ ಎತ್ತುವುದಕ್ಕೂ ದುಡ್ಡು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ರದ್ದಾದ ಜಾಗದ ವಿಷಯ. ಅಲ್ಲಿ ಯಾರಾದರೂ ರದ್ದು ಮಾಡಿದರೆ ಆ ಜಾಗ ಮತ್ತೆ ವೆಬ್‌ಸೈಟಿಗೆ ಬರುತ್ತದೆ. ಆ ಕ್ಷಣದಲ್ಲಿ ಯಾರು ನೋಡುತ್ತಿದ್ದಾರೋ ಅವರದ್ದು. ಅದನ್ನು ಹಗಲು ರಾತ್ರಿ ಕಾದು ಗಿರಾಕಿಗೆ ಮೆಸೇಜ್ ಕಳಿಸಲು ದುಡ್ಡು ತೆಗೆದುಕೊಳ್ಳುವ ಖಾಸಗಿಯವರೂ ಹುಟ್ಟಿಕೊಂಡಿದ್ದಾರೆ. ನಮ್ಮ ದೇಶದ ಮಾಮೂಲಿ ಸ್ಲೀಪರ್ ಪ್ರಯಾಣಿಕನಿಗೂ ಒಂದು ವೆಯ್ಟಿಂಗ್ ಲಿಸ್ಟ್ ನಂಬರ್ ಇರುತ್ತದೆ. ಇವತ್ತು 14, ನಾಳೆ 6, ಆಮೇಲೆ ಆರ್‌ಎಸಿ. ಚಾರ್ಟ್ ಆದ ಮೇಲೂ ಸೀಟು ಉಳಿದಿದ್ದರೆ ಕರೆಂಟ್ ಬುಕಿಂಗ್. ಎಷ್ಟು ಬೈದರೂ, ತನ್ನ ಮುಂದೆ ಎಷ್ಟು ಜನ ಇದ್ದಾರೆ ಎಂಬುದು ಅವನಿಗೆ ಗೊತ್ತಿರುತ್ತದೆ. ಇಷ್ಟು ದೊಡ್ಡ ಕಂಪ್ಯೂಟರ್ ದೇಶಕ್ಕೆ ಇದನ್ನು ಮಾಡುವುದು ಕಷ್ಟವಲ್ಲ. ರದ್ದಾದ ಜಾಗ ಸರದಿಯಲ್ಲಿ ಮುಂದಿನವರಿಗೆ ಹೋಗಲಿ. ಸಂಜೆಯವರೆಗೂ ಬಾರದವರ ಜಾಗ, ಗೇಟಿಗೆ ಬಂದು ನಿಂತವರಿಗೆ ಅವತ್ತೇ ಸಿಗಲಿ.

ನಮ್ಮಲ್ಲಿ 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯ ವೆಬ್‌ಸೈಟ್ ಬಂತು. ಒಂದು ಬೆಟ್ಟಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಇಟ್ಟರು. ಮಿತಿ ಬೇಕೇ ಬೇಕು, ಬೆಟ್ಟ ಉಳಿಯಬೇಕಲ್ಲ. ಆದರೆ ಬೆಂಗಳೂರಿನಲ್ಲಿ ಫೋನ್ ಹಿಡಿದು ಕೂತವರೇ 300ನ್ನೂ ತುಂಬಿಕೊಳ್ಳುವಂತೆ ಆಗಬಾರದು. ಕುಕ್ಕೆ ಸುಬ್ರಹ್ಮಣ್ಯದ ಕಡೆ ಒಂದು, ಸೋಮವಾರಪೇಟೆ ಕಡೆ ಒಂದು ಕೌಂಟರ್ ಇಟ್ಟು, 300ರಲ್ಲಿ ಒಂದು 30 ಜಾಗವನ್ನು ಅವತ್ತು ಬಂದವರಿಗೆ, ಸುತ್ತಲಿನ ಊರಿನವರಿಗೆ ಮೀಸಲಿಡಲಿ. ರದ್ದಾದ ಜಾಗಕ್ಕೆ ಸರದಿ ನಂಬರ್ ಕೊಡಲಿ.

ಅಮೆರಿಕದಲ್ಲಿ ಇರುವ ನಮ್ಮವರಲ್ಲಿ ಒಂದು ವಿನಂತಿ. ಯಾವುದಕ್ಕೂ ಇರಲಿ ಎಂದು ಎರಡು ಮೂರು ವಾರಾಂತ್ಯದ ಜಾಗ ಹಿಡಿದಿಟ್ಟು ಒಂದಕ್ಕೆ ಮಾತ್ರ ಹೋಗುವ ಅಭ್ಯಾಸ ನಮ್ಮ ಕುಟುಂಬಗಳಲ್ಲಿ ಇದೆ. ಹೋಗುವುದಿಲ್ಲ ಎಂದು ಗೊತ್ತಾದ ದಿನವೇ ರದ್ದು ಮಾಡಿ. ಸಾಕಷ್ಟು ಮುಂಚೆ ಮಾಡಿದರೆ 10 ಡಾಲರ್ ಹಿಡಿದುಕೊಂಡು ಉಳಿದ ದುಡ್ಡು ವಾಪಸ್ ಕೊಡುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರೈಲ್ವೆ ರಿಸರ್ವೇಷನ್ ಕ್ಲರ್ಕ್
ಕುವೆಂಪುನಗರ, ಮೈಸೂರು