ವಾಪಸ್ ಬಂದ ಕಸ

ಈ ಸಲ ರಜೆಗೆ ಬೆಂಗಳೂರಿಗೆ ಹೋಗಿದ್ದಾಗ ನಾನು ಕೊಟ್ಟ ಕಸವನ್ನು ಒಬ್ಬರು ವಾಪಸ್ ಕೊಟ್ಟರು. ಮೆಲ್ಬರ್ನ್‌ಗೆ ಬಂದು ಹದಿನೆಂಟು ವರ್ಷವಾಯಿತು, ಇಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ.

ಹನುಮಂತನಗರದಲ್ಲಿ ಅಮ್ಮನ ಮನೆ. ಬೆಳಗ್ಗೆ ಏಳಕ್ಕೆಲ್ಲ ಕಸದ ಆಟೋ ಬಂತು. ಅಮ್ಮ ಸ್ನಾನಕ್ಕೆ ಹೋಗಿದ್ದರು. ದೊಡ್ಡ ಉಪಕಾರ ಮಾಡುವವನ ಹಾಗೆ ನಾನು ಅಡುಗೆಮನೆಯ ಕಸವನ್ನೆಲ್ಲ ಒಂದು ಕವರಿಗೆ ತುಂಬಿ, ಗಂಟು ಹಾಕಿ ಕೊಂಡುಹೋದೆ. ಗಾಡಿಯ ಮೇಲಿದ್ದ ಹೆಂಗಸು ಗಂಟು ಬಿಚ್ಚಿ ನೋಡಿ ಮತ್ತೆ ನನ್ನ ಕೈಗೇ ಇಟ್ಟರು. "ಏನಣ್ಣ ಇದು, ಹಸಿ ಕಸ ಕವರಲ್ಲಿ ಕೊಡ್ತಾರಾ? ಒಳಗೆ ಬ್ಯಾಟರಿ ಬೇರೆ ಇದೆ. ಅಮ್ಮನ್ನ ಕಳಿಸಿ, ಅವರಿಗೆ ಗೊತ್ತು." ಎದುರು ಮನೆಯವರು ಹಲ್ಲುಜ್ಜುತ್ತಾ ಇದನ್ನೆಲ್ಲ ನೋಡುತ್ತಿದ್ದರು. ಮೂರು ವಾರ ಇದ್ದೆ, ಆಮೇಲೆ ಒಂದು ದಿನವೂ ತಪ್ಪು ಮಾಡಲಿಲ್ಲ.

ಅಮ್ಮನಿಗೆ ನಿಜವಾಗಿಯೂ ಗೊತ್ತು. ಹಸಿರು ಬಕೆಟ್ಟು ಹಸಿ ಕಸಕ್ಕೆ, ಕೆಂಪು ಬಕೆಟ್ಟು ಯಾವುದಕ್ಕೂ ಬಾರದ್ದಕ್ಕೆ, ಹಳೇ ಅಕ್ಕಿ ಚೀಲ ಒಣ ಕಸಕ್ಕೆ. ನಂದಿನಿ ಹಾಲಿನ ಕವರನ್ನು ತೊಳೆದು ಸಿಂಕ್ ಹಿಂದಿನ ಟೈಲ್ಸಿಗೆ ಅಂಟಿಸುತ್ತಾರೆ. ಒಣಗಿದ ಮೇಲೆ ತಾನಾಗೇ ಬಿದ್ದುಬಿಡುತ್ತೆ, ಆಗ ಚೀಲಕ್ಕೆ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸುವಂತಿಲ್ಲ, ಚೂರು ಅಂಟಿಕೊಂಡೇ ಇರಬೇಕು. "ಅಷ್ಟು ಚಿಕ್ಕ ತುಣುಕನ್ನ ಯಾರು ಹೆಕ್ತಾರೆ? ಮೋರಿಗೆ ಹೋಗುತ್ತೆ" ಅಂದರು. ಪ್ಯಾಡು, ಡೈಪರುಗಳನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಕೊಡಬೇಕು ಅನ್ನುವುದೂ ಅವರಿಂದಲೇ ಗೊತ್ತಾಯಿತು. ಅದನ್ನು ಬರಿಗೈಲಿ ಬಿಚ್ಚುವವರು ಒಬ್ಬರು ಇರುತ್ತಾರಲ್ಲ, ಅವರಿಗಾಗಿ.

ತರಕಾರಿ ಸಿಪ್ಪೆ ಮಾತ್ರ ಆಟೋಗೆ ಹೋಗುವುದಿಲ್ಲ. ತಾರಸಿಯಲ್ಲಿ ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆ ಇದೆ. ಸಿಪ್ಪೆ, ಅದರ ಮೇಲೆ ಒಣಗಿದ ಎಲೆ, ಆಗಾಗ ಒಂದು ಲೋಟ ಹುಳಿ ಮಜ್ಜಿಗೆ. ಹುಳ ಬರಲ್ವಾ ಅಂತ ಕೇಳಿದೆ. ಬರುತ್ತೆ, ಬಂದರೆ ಇನ್ನಷ್ಟು ಒಣ ಎಲೆ ಹಾಕಬೇಕು, ಅಷ್ಟೇ. ನಾನು ಹುಡುಗನಾಗಿದ್ದಾಗ ಹಸು ಸಾಕಿದವರು ಬಕೆಟ್ ಹಿಡಿದುಕೊಂಡು ಬಂದು ಕಲಗಚ್ಚು ತಗೊಂಡು ಹೋಗುತ್ತಿದ್ದರು. ಈಗ ಆ ಹಸುವೂ ಇಲ್ಲ, ಆ ಬಕೆಟ್ಟೂ ಇಲ್ಲ. ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ. ಅದು ಮನೆಯಲ್ಲೇ ಗೊಬ್ಬರವಾದರೆ ಲಾರಿಗೆ ಕೆಲಸ ಎಷ್ಟು ಕಡಿಮೆ ಲೆಕ್ಕ ಹಾಕಿ.

ಅಮ್ಮನ ತಲೆಮಾರಿನವರು ಇದನ್ನು ಸುಮ್ನೆ ಕಲಿಯಲಿಲ್ಲ. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ಬೆಂಗಳೂರಿನ ಬೀದಿ ಬೀದಿಯಲ್ಲಿ ಕಸದ ರಾಶಿ ಬಿದ್ದಿತ್ತು. 2014ರಲ್ಲಿ, ನಗರದ ಕಸ ಹೋಗಿ ಬೀಳುತ್ತಿದ್ದ ಮಂಡೂರಿನ ಜನ ನಿಮ್ಮ ಕಸ ನಮಗೆ ಬೇಡ ಅಂತ ರಸ್ತೆಗಿಳಿದರು. ಆಮೇಲೆ ಮಿಟ್ಟಗಾನಹಳ್ಳಿ ಕಡೆಯ ಕ್ವಾರಿ ಗುಂಡಿಗಳ ಸರದಿ. ಕೆಲವು ಬಡಾವಣೆಯ ನಿವಾಸಿಗಳು ತಾವೇ ಶುರು ಮಾಡಿದ್ದ ಎರಡು ಡಬ್ಬಿ ಒಂದು ಚೀಲದ ಪದ್ಧತಿಯನ್ನು 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇಡೀ ಊರಿಗೇ ಕಡ್ಡಾಯ ಮಾಡಿತು. ಮೊದಲು ಪಾಲಿಸಿದ್ದು ಜನ, ಆದೇಶ ಬಂದಿದ್ದು ಆಮೇಲೆ. ಇದು ನನಗೆ ತುಂಬಾ ಇಷ್ಟವಾದ ವಿಷಯ.

ಹಾಗಂತ ಊರೆಲ್ಲ ಅಮ್ಮನ ಹಾಗೇ ಇದೆ ಅನ್ನಲಾರೆ. ಪಕ್ಕದ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಳಗೆ ದಿನಾ ರಾತ್ರಿ ಯಾರೋ ಕವರು ಎಸೆದು ಹೋಗುತ್ತಾರೆ. 2025ರ ಅಕ್ಟೋಬರ್ ಕೊನೆಯಲ್ಲಿ ಅಧಿಕಾರಿಗಳು ಹೀಗೆ ಎಸೆಯುವವರನ್ನು ಪತ್ತೆ ಹಚ್ಚಿ, ಅವರ ಮನೆ ಮುಂದೆಯೇ ಕಸ ಸುರಿಸಿ, ದಂಡ ಹಾಕಿದರು. ಅದಕ್ಕೆ 'ಕಸ ಸುರಿಯುವ ಹಬ್ಬ' ಅಂತ ಹೆಸರು ಬೇರೆ. ಸುದ್ದಿ ನೋಡಿ ನಾನೂ ಇಲ್ಲಿ ಕೂತು ನಕ್ಕಿದ್ದೆ. ನನ್ನ ಕೈಗೇ ಕಸ ಬಂದ ಮೇಲೆ ನಗು ಬರಲಿಲ್ಲ. ಆದರೆ ಆ ಆಟೋ ಹೆಂಗಸು ಮಾಡಿದ್ದೇ ಸರಿಯಾದ ದಾರಿ ಅಂತ ನನಗನ್ನಿಸುತ್ತೆ. ದಂಡ ಇಲ್ಲ, ಕ್ಯಾಮೆರಾ ಇಲ್ಲ, ಮುಖಕ್ಕೆ ಮುಖ ಕೊಟ್ಟು ಒಂದು ಮಾತು.

ಇಲ್ಲಿ ನಮಗೆ ಆ ಮುಖವೇ ಕಾಣುವುದಿಲ್ಲ. ಲಾರಿಯ ಕಬ್ಬಿಣದ ಕೈ ಹಳದಿ ಮುಚ್ಚಳದ ಡಬ್ಬಿಯನ್ನು ಎತ್ತಿ ಸುರಿದುಕೊಂಡು ಹೋಗುತ್ತೆ, ನಾವು ರೀಸೈಕಲ್ ಆಯ್ತು ಅಂದುಕೊಳ್ಳುತ್ತೇವೆ. ಮೆತ್ತನೆಯ ಪ್ಲಾಸ್ಟಿಕ್ಕನ್ನು ನಾವೆಲ್ಲ ನೀಟಾಗಿ ಮಡಿಸಿ ಸೂಪರ್‌ಮಾರ್ಕೆಟ್ಟಿನ ಡಬ್ಬಿಗೆ ಹಾಕಿ ಬರುತ್ತಿದ್ದೆವು, ನೆನಪಿದೆಯಾ? ಅದು ಗೋದಾಮುಗಳಲ್ಲಿ ರಾಶಿ ಬಿದ್ದಿತ್ತು ಅಂತ 2022ರ ನವೆಂಬರ್‌ನಲ್ಲಿ ಗೊತ್ತಾಯಿತು. ಹಿಂದಕ್ಕೆ ಕೊಡುವವರು ಯಾರೂ ಇರಲಿಲ್ಲವಲ್ಲ.

ಇಲ್ಲಿನ ನಮ್ಮ ಕನ್ನಡ ಸಂಘದ ಕಳೆದ ದೀಪಾವಳಿ ಊಟದ ಕಥೆಯೂ ಅದೇ. ಸಾಂಬಾರು ಮೆತ್ತಿದ ಪೇಪರ್ ತಟ್ಟೆ, ಅರ್ಧ ಕುಡಿದ ನೀರಿನ ಬಾಟಲಿ, ಮಕ್ಕಳು ಬಿಟ್ಟ ಬಿಸಿಬೇಳೆಬಾತ್, ಎಲ್ಲ ಹಳದಿ ಡಬ್ಬಿಗೇ. ಎಣ್ಣೆ, ಅನ್ನ ಅಂಟಿದ ಕಾಗದ ಮತ್ತೆ ಕಾಗದವಾಗುವುದಿಲ್ಲ. ಪಕ್ಕದಲ್ಲಿದ್ದ ಒಳ್ಳೆಯ ರಟ್ಟನ್ನೂ ಕೆಡಿಸುತ್ತೆ.

ಅದಕ್ಕೇ ಬೆಂಗಳೂರಿನಿಂದ ಇನ್ನೊಂದು ಐಡಿಯಾ ತಂದಿದ್ದೇನೆ. ಗವಿಪುರದ ಅದಮ್ಯ ಚೇತನ ಅನ್ನುವ ಸೇವಾ ಸಂಸ್ಥೆಯವರು ತಟ್ಟೆ ಬ್ಯಾಂಕ್ ನಡೆಸುತ್ತಾರೆ. ಮನೆಯಲ್ಲಿ ಸಮಾರಂಭ ಇದ್ದರೆ ಸ್ಟೀಲ್ ತಟ್ಟೆ ಲೋಟ ಎರವಲು ತರಬಹುದು. ಅಕ್ಕನ ಮೊಮ್ಮಗಳ ನಾಮಕರಣಕ್ಕೆ ನಾವು ತಂದಿದ್ದೆವು. ಊಟ ಮುಗಿದಾಗ ಉಳಿದಿದ್ದು ಒಂದು ಬಕೆಟ್ ಎಂಜಲು, ಅಷ್ಟೇ. ತೊಳೆಯುವಾಗ ಭಾವ ಗೊಣಗಿದರು, ಅದನ್ನು ಮುಚ್ಚಿಡುವುದಿಲ್ಲ.

ಯುಗಾದಿ ಊಟಕ್ಕೆ ನಮಗೆ ಇನ್ನೂರು ತಟ್ಟೆ ಬೇಕು. ಇಪ್ಪತ್ತು ಮನೆಯವರು ಹತ್ತತ್ತು ತಂದರೆ ಆಯ್ತು. ತಳದಲ್ಲಿ ಹೆಸರು ಬರೆದ ಒಂದು ಚೀಟಿ ಅಂಟಿಸಿ, ಆಮೇಲೆ ಜಗಳ ಬೇಡ. ಸಭಾಂಗಣದ ಅಡುಗೆಮನೆಯಲ್ಲಿ ಬಿಸಿನೀರು ಬರುತ್ತೆ, ಕೇಳಿದ್ದೇನೆ. ತೊಳೆಯಲು ಆರು ಜನ ಬೇಕು, ಗಂಡಸರು ಮೊದಲು ಹೆಸರು ಕೊಡಲಿ.

ಡಬ್ಬಿಗಳ ಪಕ್ಕ ನಾನೇ ನಿಂತಿರುತ್ತೇನೆ. ತಪ್ಪು ಡಬ್ಬಿಗೆ ಹಾಕಿದರೆ ಕೈಗೇ ವಾಪಸ್ ಕೊಡುತ್ತೇನೆ, ಅಧ್ಯಕ್ಷರಾದರೂ ಸರಿ.