ಬೆಳ್ಳಿಯಿಲ್ಲದ ‘ಸಿಲ್ವರ್’ ಪಿಕೊಲೊ

ಮಾನ್ಯ ಸಂಪಾದಕರೇ,

ಶಾಲಾ ಬ್ಯಾಂಡ್‌ಗೆ ವಾದ್ಯ ಕೊಳ್ಳುವ ಪಟ್ಟಿಗಳಲ್ಲಿ ‘ಸಿಲ್ವರ್ ಪಿಕೊಲೊ – 2’ ಎಂಬ ಒಂದು ಸಾಲು ಇದ್ದೇ ಇರುತ್ತದೆ. ಪಿಕೊಲೊ ಎಂದರೆ ಫ್ಲೂಟಿಗಿಂತ ಚಿಕ್ಕದಾದ, ಅಡ್ಡ ಹಿಡಿದು ಊದುವ ವಾದ್ಯ. ಆ ಸಿಲ್ವರ್ ಯಾವುದೆಂದು ಪಟ್ಟಿ ಬರೆದವರು ಯೋಚಿಸಿರುವುದಿಲ್ಲ, ಮಾರುವವರು ಬಾಯಿ ಬಿಡುವುದಿಲ್ಲ. ಬ್ಯಾಂಡ್‌ನಲ್ಲಿ ಇಪ್ಪತ್ತೆಂಟು ವರ್ಷ ಫ್ಲೂಟ್ ಮತ್ತು ಪಿಕೊಲೊ ನುಡಿಸಿ, ನಿವೃತ್ತಿಯ ನಂತರ ಮಕ್ಕಳಿಗೆ ಕಲಿಸುತ್ತಿರುವ ನನಗೆ ಈ ವಿಷಯದಲ್ಲಿ ಪೋಷಕರು ಮೋಸಹೋಗುವುದನ್ನು ನೋಡಿ ಸಾಕಾಗಿದೆ.

ಕಳೆದ ತಿಂಗಳು ವಿದ್ಯಾರ್ಥಿನಿಯೊಬ್ಬಳ ತಂದೆ ‘ಅಪ್ಪಟ ಬೆಳ್ಳಿಯದು’ ಎಂಬ ಮಾತು ನಂಬಿ ಕೊಂಡಿದ್ದ ಪಿಕೊಲೊವನ್ನು ತಂದು ತೋರಿಸಿದರು. ಒಂದು ಅಡಿಗಿಂತ ತುಸು ಉದ್ದವಿದ್ದ ಆ ವಾದ್ಯದಲ್ಲಿ ತುಟಿ ತಾಗುವ ಲಿಪ್ ಪ್ಲೇಟಿನ ಅಂಚು ಆಗಲೇ ಹಳದಿಯಾಗಿ, ಅಲ್ಲಲ್ಲಿ ಹಸಿರು ಕಿಲುಬು ಕಟ್ಟಿತ್ತು. ನಮ್ಮ ಬೀದಿಯ ಅಕ್ಕಸಾಲಿಗರು ಎರಡು ಭಾಗಗಳು ಕೂಡುವ, ಹೊರಗೆ ಕಾಣದ ಕಡೆ ಅರದಿಂದ ಒಂದು ಎಳೆ ಉಜ್ಜಿ, ನೈಟ್ರಿಕ್ ಆಮ್ಲದ ಹನಿ ಬಿಟ್ಟರು. ಹನಿ ಹಸಿರಾಗಿ ನೊರೆಯಿತು. “ಬೆಳ್ಳಿ ಇರೋದು ಮೇಲಿನ ಪೂಸಿನಲ್ಲಿ ಮಾತ್ರ, ಸ್ವಾಮಿ” ಎಂದರು.

ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಕೊಡುವ ಜರ್ಮನ್ ಸಿಲ್ವರ್ ಕುಂಕುಮ ಭರಣಿ ಎಲ್ಲರ ಮನೆಯಲ್ಲೂ ಇದೆ. ಅಗ್ಗದ ಪಿಕೊಲೊಗಳ ಮೈ ಅದೇ ಲೋಹದ್ದು. ವಾದ್ಯ ತಯಾರಕರು ಅದನ್ನು ನಿಕ್ಕಲ್ ಸಿಲ್ವರ್ ಎನ್ನುತ್ತಾರೆ. ತಾಮ್ರ, ನಿಕ್ಕಲ್, ಸತು ಸೇರಿದ ಈ ಮಿಶ್ರಲೋಹದಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ಹಾಗೆಂದು ಇದು ಕೆಟ್ಟ ಲೋಹವೇನೂ ಅಲ್ಲ. ಬೆಳ್ಳಿಗಿಂತ ಗಡುಸಾದ ಕಾರಣ ಎಷ್ಟೋ ದುಬಾರಿ ಮರದ ಪಿಕೊಲೊಗಳ ಕೀಗಳನ್ನೂ (ರಂಧ್ರ ಮುಚ್ಚಿ ತೆರೆಯುವ ಬಿರಡೆಗಳನ್ನೂ) ಇದರಲ್ಲೇ ಮಾಡುತ್ತಾರೆ. ನನ್ನ ತಕರಾರು ಇರುವುದು ಇದನ್ನು ಬೆಳ್ಳಿಯ ಬೆಲೆಗೆ ಮಾರುವುದರ ಬಗ್ಗೆ. ಇಮಿಟೇಶನ್ ಓಲೆ ಹಾಕಿದರೆ ಕಿವಿ ತುರಿಸುವ ಮಕ್ಕಳಿಗೆ, ಪೂಸು ಸವೆದ ಮೇಲೆ ಇದರ ನಿಕ್ಕಲ್‌ನಿಂದ ತುಟಿಯ ಕೆಳಗೆ ಕಜ್ಜಿಯಾಗುವುದೂ ಉಂಟು.

ನಿಜವಾದ ಬೆಳ್ಳಿಯ ವಾದ್ಯವೆಂದರೆ ಸ್ಟರ್ಲಿಂಗ್: ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅದರ ಮೇಲೆ 925 ಎಂಬ ಗುರುತು ಇರುತ್ತದೆ. ಆದರೆ ಆ ಗುರುತು ಊದುವ ತಲೆಭಾಗದ ಮೇಲಷ್ಟೇ ಇದ್ದರೆ ತಲೆಭಾಗ ಮಾತ್ರ ಬೆಳ್ಳಿಯದೆಂದು ತಿಳಿಯಬೇಕು. ಇಡೀ ವಾದ್ಯಕ್ಕೆ ಅದು ಸಾಕ್ಷಿಯಾಗದು.

ಇಷ್ಟಕ್ಕೂ ಬೆಳ್ಳಿಯೇ ಬೇಕೆ? ಅಮೆರಿಕದ ಭೌತವಿಜ್ಞಾನಿ ಜಾನ್ ಕೋಲ್ಟ್‌ಮನ್ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಳಅಳತೆ ಒಂದೇ ಇದ್ದ ಬೆಳ್ಳಿ, ತಾಮ್ರ ಮತ್ತು ಮರದ ಕೊಳವೆಗಳನ್ನು ಕಣ್ಣಿಗೆ ಕಾಣದಂತೆ ನುಡಿಸಿದಾಗ ಅನುಭವಿ ಸಂಗೀತಗಾರರಿಗೂ ಯಾವುದು ಯಾವುದೆಂದು ಗುರುತಿಸಲಾಗಲಿಲ್ಲ. ನಾದವನ್ನು ನಿರ್ಧರಿಸುವುದು ಊದುವ ರಂಧ್ರದ ಕೊರೆತ, ಕೊಳವೆಯ ಒಳಆಕಾರ, ಕೀಗಳ ಅಡಿಯ ಮೆತ್ತೆಗಳಾದ ಪ್ಯಾಡ್‌ಗಳು ಗಾಳಿ ಸೋರದಂತೆ ಕೂರುವ ರೀತಿ. ಜರ್ಮನಿಯ ವಾದ್ಯ ತಯಾರಕ ಥಿಯೋಬಾಲ್ಡ್ ಬೋಮ್ 1847ರಲ್ಲಿ ಫ್ಲೂಟಿನ ಮೈಭಾಗದ ಕೊಳವೆಯನ್ನು ಸಮ ಅಗಲಕ್ಕೆ ತಂದರೂ, ಪಿಕೊಲೊ ಬಹುಪಾಲು ತುದಿಯತ್ತ ಕಿರಿದಾಗುವ ಹಳೆಯ ಆಕಾರವನ್ನೇ ಉಳಿಸಿಕೊಂಡಿದೆ. ಮರ ಮತ್ತು ಪ್ಲಾಸ್ಟಿಕ್‌ನವು ಸಾಮಾನ್ಯವಾಗಿ ಹೀಗೇ ಇದ್ದು, ಅವುಗಳ ದನಿ ಮೆದು, ಇತರ ವಾದ್ಯಗಳ ಜೊತೆ ಬೆರೆಯುತ್ತದೆ. ಲೋಹದವುಗಳಲ್ಲಿ ಸಮ ಅಗಲದ ಕೊಳವೆಯವೂ ಇವೆ. ಅವುಗಳ ದನಿ ಬಯಲಿನಲ್ಲಿ ದೂರ ಕೇಳಿಸುತ್ತದೆ, ಕೋಣೆಯೊಳಗೆ ಕಿವಿಗೆ ಚುಚ್ಚುತ್ತದೆ. ಅಂಗಡಿಯಲ್ಲಿ ಬೆಳ್ಳಿಯ ಬಗ್ಗೆ ನೂರು ಪ್ರಶ್ನೆ ಕೇಳುವವರು ಕೊಳವೆಯ ಒಳಆಕಾರದ ಈ ಒಂದು ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ಬಿಸಿಲು, ಮಳೆ ಎನ್ನದೆ ಮೈದಾನದಲ್ಲಿ ನುಡಿಸುವ ಶಾಲೆಯ ಮಕ್ಕಳಿಗೆ ಪ್ಲಾಸ್ಟಿಕ್ ಮೈ, ಬೆಳ್ಳಿ ಪೂಸಿದ ಲೋಹದ ತಲೆಭಾಗ ಇರುವ ಯಮಹಾ ವೈಪಿಸಿ-32ರಂಥ ಮಾದರಿಯೇ ಸಾಕೆಂಬುದು ನನ್ನ ಅಭಿಪ್ರಾಯ. ಆಫ್ರಿಕಾದ ಗ್ರೆನಡಿಲ್ಲಾ ಮರದ್ದು ಸಭಾಂಗಣಕ್ಕೆ ಶ್ರೇಷ್ಠ ನಿಜ, ಆದರೆ ಒಣಹವೆಗೆ ಸೀಳು ಬಿಡುವ ಅದನ್ನು ಹೊಸದರಲ್ಲಿ ದಿನಕ್ಕೆ ಕೆಲವೇ ನಿಮಿಷ ನುಡಿಸಿ ಪಳಗಿಸಬೇಕು. ಆ ತಾಳ್ಮೆ ಹತ್ತು ವರ್ಷದ ಮಗುವಿಗೆ ಎಲ್ಲಿಂದ ಬರಬೇಕು?

ಇನ್ನೊಂದು ಮಾತನ್ನು ಮನೆಯ ಹಿರಿಯರಿಗೆ ಹೇಳಬೇಕಿದೆ. ಗಾಳಿಯ, ಬೆವರಿನ ಗಂಧಕದ ಅಂಶದಿಂದ ಬೆಳ್ಳಿ ಕಪ್ಪಾದಾಗ ದೇವರ ದೀಪದಂತೆ ಪಿಕೊಲೊವನ್ನೂ ವಿಭೂತಿ ಹಾಕಿ ತಿಕ್ಕುವವರಿದ್ದಾರೆ. ಕೆಲವೇ ಮೈಕ್ರಾನ್ ದಪ್ಪದ ಪೂಸು ಹೀಗೆ ತಿಕ್ಕಿದಷ್ಟೂ ಸವೆಯುತ್ತದೆ, ಪುಡಿ ಕೀಗಳ ಸಂದಿಗೆ ಇಳಿದು ಎಣ್ಣೆಯೊಂದಿಗೆ ಗಾರೆಯಂತೆ ಹಿಡಿಯುತ್ತದೆ. ನುಡಿಸಿದ ಮೇಲೆ ಒಳಗಿನ ತೇವ ತೆಗೆದು, ಹೊರಗೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿಟ್ಟರೆ ಸಾಕು.

ಮೇಲೆ ಹೇಳಿದ ಹುಡುಗಿಯ ವಾದ್ಯ ಎರಡು ಪ್ಯಾಡ್ ಬದಲಿಸಿದ ನಂತರ ಚೆನ್ನಾಗಿಯೇ ನುಡಿಯುತ್ತಿದೆ. ಆಕೆಯ ತಂದೆಗೆ ಹೆಚ್ಚು ತೆತ್ತ ಹಣ ಮಾತ್ರ ವಾಪಸಾಗಲಿಲ್ಲ, ಏಕೆಂದರೆ ಅವರ ಬಳಿಯಿದ್ದ ಬಿಲ್ಲಿನಲ್ಲಿ ‘ಪಿಕೊಲೊ, 1’ ಎಂಬುದರ ಹೊರತು ಬೇರೇನೂ ಇರಲಿಲ್ಲ. ತಲೆಭಾಗ, ಮೈ, ಕೀ ಇವು ಯಾವ ಯಾವ ಲೋಹದವು, ಪೂಸೋ ಘನವೋ ಎಂಬುದನ್ನು ಶಾಲೆಗಳು ತಮ್ಮ ಬೇಡಿಕೆ ಪಟ್ಟಿಯಲ್ಲೂ, ಅಂಗಡಿಯವರು ಬಿಲ್ಲಿನಲ್ಲೂ ಬರೆಯುವುದು ಕಡ್ಡಾಯವಾಗಲೆಂದು ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಬ್ಯಾಂಡ್ ವಾದಕ, ಮೈಸೂರು